ನಾರ್ತ್ ಕೆರೊಲಿನಾ ಒಳಗೆ, ವೆಸ್ಟ್ ವರ್ಜೀನಿಯಾ ಹೊರಗೆ. ನೀವಾಗಿದ್ರೆ ಯಾರನ್ನು ತಗೋತಿದ್ರಿ?

ಹಾಫ್‌ಕೋರ್ಟ್:
ಕಾಲೇಜು ಬಾಸ್ಕೆಟ್‌ಬಾಲ್ ನೋಡುವವರು ಸ್ವಲ್ಪ ಹೇಳಿ. 2025ರ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಪುರುಷರ ಟೂರ್ನಿಯ ಪಟ್ಟಿ ಇವತ್ತಿಗೂ ನನಗೆ ಅರಗುತ್ತಿಲ್ಲ. ಒಟ್ಟು 68 ತಂಡ. 31 ಜಾಗ ತಮ್ಮ ತಮ್ಮ ಕಾನ್ಫರೆನ್ಸ್, ಅಂದ್ರೆ ಕಾಲೇಜುಗಳ ಲೀಗ್, ಗೆದ್ದವರಿಗೆ ನೇರವಾಗಿ ಹೋಯಿತು, ಅದಕ್ಕೆ ತಕರಾರಿಲ್ಲ. ಉಳಿದ 37 ಜಾಗ ಆಯ್ಕೆ ಕಮಿಟಿ ಕೈಯಲ್ಲಿತ್ತು. ಜಗಳವೆಲ್ಲ ಅದರಲ್ಲಿ ಕೊನೆಯ ಮೂರ್ನಾಲ್ಕು ಜಾಗಕ್ಕೆ.

ನಾರ್ತ್ ಕೆರೊಲಿನಾ ಕ್ವಾಡ್ 1ರಲ್ಲಿ, ಅಂದ್ರೆ ಗಟ್ಟಿ ಎದುರಾಳಿಗಳ ಮುಂದೆ, 13 ಪಂದ್ಯ ಆಡಿ ಗೆದ್ದಿದ್ದು ಒಂದೇ ಒಂದು. ಡಿಸೆಂಬರ್‌ನಲ್ಲಿ ಯುಸಿಎಲ್‌ಎ ಮೇಲೆ, ಅದೂ 76-74. ವೆಸ್ಟ್ ವರ್ಜೀನಿಯಾ ಅಂಥ ಆರು ಪಂದ್ಯ ಗೆದ್ದಿತ್ತು. ಗೊನ್ಜಾಗಾ, ಅರಿಝೋನಾ ಎರಡನ್ನೂ ಓವರ್‌ಟೈಮ್‌ನಲ್ಲಿ ಮಣಿಸಿತ್ತು. ಕಾನ್ಸಾಸ್ ತಂಡವನ್ನು ಅದರದೇ ಅಂಗಳದಲ್ಲಿ 62-61ರಿಂದ ಸೋಲಿಸಿ ಬಂದಿತ್ತು. ಅಲೆನ್ ಫೀಲ್ಡ್‌ಹೌಸ್‌ನ ಆ ಗದ್ದಲದಲ್ಲಿ ಹೊರಗಿನವರು ಗೆಲ್ಲೋದು ಎಷ್ಟು ಕಷ್ಟ ಅಂತ ಆಟ ನೋಡುವವರಿಗೆ ಗೊತ್ತು, ಅಲ್ವಾ? ಆದರೂ ಅವರೇ ಹೊರಗೆ. ಮೇಲಾಗಿ ಆ ವರ್ಷ ಕಮಿಟಿಯ ಅಧ್ಯಕ್ಷರು ಬಬ್ಬಾ ಕನ್ನಿಂಗ್‌ಹ್ಯಾಮ್, ನಾರ್ತ್ ಕೆರೊಲಿನಾದ ಆಗಿನ ಕ್ರೀಡಾ ನಿರ್ದೇಶಕರು. ತಮ್ಮ ತಂಡದ ಮಾತು ಬಂದಾಗ ಅವರು ಹೊರಗಿರಬೇಕು ಅಂತ ನಿಯಮವಿದೆ, ಒಪ್ಪಿದೆ. ನನ್ನ ಪ್ರಶ್ನೆ ಅವರ ಮೇಲಲ್ಲ. ಗೆದ್ದ ಪಂದ್ಯಕ್ಕೆ ಬೆಲೆಯೋ, ಕಂಪ್ಯೂಟರ್ ರ‍್ಯಾಂಕಿಂಗ್‌ಗೆ ಬೆಲೆಯೋ?

ಝೋನ್‌ಡಿಫೆನ್ಸ್:
ನಾನು ನಾರ್ತ್ ಕೆರೊಲಿನಾವನ್ನೇ ತಗೋತಿದ್ದೆ. ಅವರ ಕಾನ್ಫರೆನ್ಸ್ ಎಸಿಸಿಯ ಸೆಮಿಫೈನಲ್ ನೋಡಿದ್ರಾ? ಡ್ಯೂಕ್ ಎದುರು ಒಂದು ಪಾಯಿಂಟ್ ಹಿಂದೆ, ಉಳಿದಿದ್ದು 4 ಸೆಕೆಂಡ್, ಲೂಬಿನ್ ಕೈಯಲ್ಲಿ ಫ್ರೀ ಥ್ರೋ. ಚೆಂಡು ಬುಟ್ಟಿಗೆ ಬಿತ್ತು, 72-72 ಅಂತ ನಾನು ಎದ್ದು ನಿಂತೆ, ಅಷ್ಟರಲ್ಲಿ ವಿಸಲ್. ಲೂಬಿನ್ ಚೆಂಡು ಕೈಬಿಡುವ ಮೊದಲೇ ಜೊತೆಗಾರ ವಿದರ್ಸ್ ಬುಟ್ಟಿಯ ಮುಂದಿನ ಲೇನ್ ಒಳಗೆ ಕಾಲಿಟ್ಟಿದ್ದ. ಪಾಯಿಂಟ್ ರದ್ದಾಯಿತು, 74-71ಕ್ಕೆ ಸೋತರು. ಡ್ಯೂಕ್ ಎದುರು ಅಷ್ಟು ಹತ್ತಿರ ಬಂದ ತಂಡ ಕಳಪೆ ಅಂತ ಹೇಗೆ ಹೇಳ್ತೀರಿ? ಆಮೇಲೆ ಡೇಟನ್‌ನಲ್ಲಿ ಫಸ್ಟ್ ಫೋರ್, ಅಂದ್ರೆ ಟೂರ್ನಿಯ ಆರಂಭಿಕ ಸುತ್ತು, ಆಡಿ ಸ್ಯಾನ್ ಡಿಯಾಗೋ ಸ್ಟೇಟ್‌ ಮೇಲೆ 95-68ರಿಂದ ಗೆದ್ದರು. ನಿಮ್ಮ ವೆಸ್ಟ್ ವರ್ಜೀನಿಯಾ ಬಿಗ್ 12 ಟೂರ್ನಿಯ ಮೊದಲ ಪಂದ್ಯದಲ್ಲೇ ಸೋತಿದ್ದು ಯಾರಿಗೆ? ಆ ಕಾನ್ಫರೆನ್ಸ್‌ನ ಕಟ್ಟಕಡೆಯ ತಂಡ ಕೊಲರಾಡೊಗೆ. ಅದನ್ನೂ ಬರೆಯಿರಿ.

ಸಣ್ಣಶಾಲೆಪರ:
ನೀವಿಬ್ಬರೂ ದೊಡ್ಡ ಕಾನ್ಫರೆನ್ಸ್‌ಗಳ ಒಳಗೇ ಕಿತ್ತಾಡ್ತಿದ್ದೀರಿ. 2024ರ ಇಂಡಿಯಾನಾ ಸ್ಟೇಟ್ ನೆನಪಿದೆಯಾ? ಆಯ್ಕೆಯ ದಿನ 28 ಗೆಲುವು, 6 ಸೋಲು. ತಮ್ಮ ಕಾನ್ಫರೆನ್ಸ್ ಮಿಸ್ಸೌರಿ ವ್ಯಾಲಿಯ ಫೈನಲ್‌ನಲ್ಲಿ ಡ್ರೇಕ್‌ಗೆ 84-80ರಿಂದ ಸೋತರು, ಅಷ್ಟಕ್ಕೇ ಬಾಗಿಲು ಮುಚ್ಚಿತು. ಕನ್ನಡಕ ಹಾಕಿಕೊಂಡು ಸೆಂಟರ್ ಆಡುತ್ತಿದ್ದ ಅವಿಲಾ ಬೆನ್ನ ಹಿಂದೆ ಪಾಸ್ ಕೊಡೋದನ್ನು ನೋಡೋಕೆ ಅಂತಲೇ ನಾನು ಆ ತಂಡದ ಪಂದ್ಯ ಹಾಕುತ್ತಿದ್ದೆ. ಅದೇ ವರ್ಷ ಒಳಗೆ ಬಂದ ವರ್ಜೀನಿಯಾ ಫಸ್ಟ್ ಫೋರ್‌ನಲ್ಲಿ ಕೊಲರಾಡೊ ಸ್ಟೇಟ್ ಎದುರು 67-42ರಿಂದ ಸೋತಿತು. ಇಡೀ ಪಂದ್ಯಕ್ಕೆ 42 ಪಾಯಿಂಟ್!

ಕ್ವಾಡ್ 1 ಲೆಕ್ಕದಲ್ಲೇ ತೊಂದರೆಯಿದೆ. ಎದುರಾಳಿ ನಿಮ್ಮ ಅಂಗಳಕ್ಕೆ ಬಂದರೆ ಅವರು ಕಂಪ್ಯೂಟರ್ ರ‍್ಯಾಂಕಿಂಗ್‌ನ ಮೊದಲ 30ರಲ್ಲಿ ಇರಬೇಕು, ತಟಸ್ಥ ಅಂಗಳದಲ್ಲಾದರೆ 50, ನೀವೇ ಅವರಲ್ಲಿಗೆ ಹೋದರೆ 75. ದೊಡ್ಡ ಕಾನ್ಫರೆನ್ಸ್‌ನವರಿಗೆ ಇಂಥ ಪಂದ್ಯ ವಾರ ವಾರ ಮನೆ ಬಾಗಿಲಿಗೇ ಬರುತ್ತವೆ. ಸಣ್ಣ ಶಾಲೆಯವರು ಎಷ್ಟು ಕರೆದರೂ ದೊಡ್ಡವರು ಅವರ ಅಂಗಳಕ್ಕೆ ಕಾಲಿಡೋದಿಲ್ಲ, ಸೋತರೆ ಹೆಸರು ಕೆಡುತ್ತೆ ಅಂತ. ಅವಕಾಶ ಸಿಗೋದೇ ನವೆಂಬರ್, ಡಿಸೆಂಬರ್‌ನಲ್ಲಿ ಎರಡೋ ಮೂರೋ. ಇನ್ನೊಂದು ಕಡೆ 2025ರಲ್ಲಿ ದೊಡ್ಡ ಕಾನ್ಫರೆನ್ಸ್ ಎಸ್‌ಇಸಿಯ 16 ತಂಡಗಳಲ್ಲಿ 14 ಒಳಗೆ, ಅದರಲ್ಲಿ ಟೆಕ್ಸಸ್ ತನ್ನ ಕಾನ್ಫರೆನ್ಸ್‌ನಲ್ಲಿ ಗೆದ್ದಿದ್ದು 6, ಸೋತಿದ್ದು 12. ಹನ್ನೆರಡು ಸಲ ಸೋಲೋಕೆ ಅವಕಾಶ ಸಿಕ್ಕಿದ್ದೇ ಅರ್ಹತೆ ಅನ್ನೋದನ್ನು ನಾನಂತೂ ಒಪ್ಪಲ್ಲ.

ಬ್ಯಾಂಕ್‌ಶಾಟ್:
ಮೇಲಿನವರ ಮಾತಿಗೆ ನನ್ನದೂ ಒಂದು ಓಟು. 2011ರಲ್ಲಿ ವಿಸಿಯು (ವರ್ಜೀನಿಯಾ ಕಾಮನ್‌ವೆಲ್ತ್ ಯೂನಿವರ್ಸಿಟಿ) ಯಾಕೆ ಬಂತು ಅಂತ ಟಿವಿಯಲ್ಲಿ ಎಲ್ಲರೂ ಬೈದರು, ಅವರು ಫಸ್ಟ್ ಫೋರ್‌ನಿಂದ ಫೈನಲ್ ಫೋರ್‌ಗೆ, ಅಂದ್ರೆ ಕೊನೆಯ ನಾಲ್ಕು ತಂಡಗಳ ಸುತ್ತಿಗೆ, ಹೋದರು. ಆದರೆ ಟೂರ್ನಿಯಲ್ಲಿ ಆಮೇಲೆ ಏನಾಯಿತು ಅನ್ನೋದನ್ನು ತೋರಿಸಿ ಆಯ್ಕೆ ಸರಿ ಅಂತ ವಾದ ಮಾಡಬಾರದು, ಆಯ್ಕೆಯ ದಿನ ಕಮಿಟಿ ಮುಂದೆ ಏನಿತ್ತು ಅಷ್ಟೇ ಲೆಕ್ಕ. ಝೋನ್‌ಡಿಫೆನ್ಸ್ ಅವರ 95-68 ಇಲ್ಲಿ ನಡೆಯಲ್ಲ.

ಒಂದನೇ ಸೀಡ್, ಅಂದ್ರೆ ಕಮಿಟಿ ಕೊಡುವ ಮೇಲಿನ ಶ್ರೇಯಾಂಕ, ಅದರ ವಿಷಯದಲ್ಲೂ ಇದೇ ನನ್ನ ಮಾತು. 2025ರಲ್ಲಿ ಆಬರ್ನ್‌ಗೆ ಎಲ್ಲರಿಗಿಂತ ಮೇಲಿನ ಸೀಡ್ ಕೊಟ್ಟಾಗ ಡ್ಯೂಕ್ ಅಭಿಮಾನಿಗಳು ಕೂಗಾಡಿದರು. ಆಬರ್ನ್ ಕೊನೆಯ ನಾಲ್ಕು ಪಂದ್ಯದಲ್ಲಿ ಮೂರು ಸೋತಿತ್ತು, ಡಿಸೆಂಬರ್‌ನಲ್ಲಿ ಡ್ಯೂಕ್ ಎದುರೂ ಸೋತಿತ್ತು, ನಿಜ. ಆದರೆ ಎಸ್‌ಇಸಿಯ ಆ ಚಳಿಗಾಲವನ್ನು ಪೂರ್ತಿ ದಾಟಿ, ಹ್ಯೂಸ್ಟನ್‌ಗೆ ಹೋಗಿ ಹ್ಯೂಸ್ಟನ್ ತಂಡವನ್ನೇ ಸೋಲಿಸಿದ್ದು ಎಲ್ಲಿ ಹೋಯ್ತು? ನವೆಂಬರ್ ಪಂದ್ಯಕ್ಕೂ ಮಾರ್ಚ್ ಪಂದ್ಯಕ್ಕೂ ಒಂದೇ ತೂಕ ಇರಬೇಕು. ಆಬರ್ನ್‌ಗೆ ಕೊಟ್ಟಿದ್ದು ಸರಿ.

ಹಾಫ್‌ಕೋರ್ಟ್:
ಕೊಲರಾಡೊ ಸೋಲು ಬರೆಯದೆ ಬಿಟ್ಟಿದ್ದು ನನ್ನ ತಪ್ಪು, ಝೋನ್‌ಡಿಫೆನ್ಸ್. ಅದು ಕೆಟ್ಟ ಸೋಲೇ. ಆದರೆ ನೀವು ಹೇಳಿದ ಆ ಫ್ರೀ ಥ್ರೋ ನನಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಮತ್ತೆ ನನ್ನ ವಾದವೂ ಅದೇ. ಅದು ಉಳಿದಿದ್ರೆ, ಓವರ್‌ಟೈಮ್‌ನಲ್ಲಿ ಡ್ಯೂಕ್ ಸೋತಿದ್ರೆ, ನಾನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಹತ್ತಿರ ಬಂದಿದ್ದಕ್ಕೆ ಮತ್ತು ಗೆದ್ದಿದ್ದಕ್ಕೆ ಒಂದೇ ಬೆಲೆ ಕೊಟ್ಟರೆ ಕಾನ್ಸಾಸ್‌ಗೆ ಹೋಗಿ ಒಂದು ಪಾಯಿಂಟ್‌ನಲ್ಲಿ ಗೆದ್ದು ಬಂದ ಹುಡುಗರಿಗೆ ಏನು ಹೇಳೋದು? ಇಂಡಿಯಾನಾ ಸ್ಟೇಟ್ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಅವರಿಗೂ ಜಾಗ ಉಂಟು, ವರ್ಜೀನಿಯಾವನ್ನು ತೆಗೆದು.