ಕನ್ನಡ ಅಕ್ಷರ ಬಾರದ ಮಕ್ಕಳಿಗೆ ಕೊಂಕಣಿ ಪ್ರಾರ್ಥನೆ ಪುಸ್ತಕ ಯಾವ ಲಿಪಿಯಲ್ಲಿ ಕೊಡೋಣ?

ಮಂಜೇಶ್ವರದವ:
ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ನಮ್ಮದು ಕೊಂಕಣಿ ಕಥೊಲಿಕ್ ಮನೆ. ಪ್ರಾರ್ಥನೆ ಕೊಂಕಣಿಯಲ್ಲಿ, ಪುಸ್ತಕದ ಲಿಪಿ ಕನ್ನಡ. ಮಗಳು ಮಲಯಾಳ, ಇಂಗ್ಲಿಷ್ ಓದುತ್ತಾಳೆ, ಕನ್ನಡ ಅಕ್ಷರ ಬರುವುದಿಲ್ಲ. ತೇರ್ಸ್ (ಜಪಮಾಲೆ ಪ್ರಾರ್ಥನೆ) ಪೂರ್ತಿ ಬಾಯಿಪಾಠ. ಆದರೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಹೊಸ ಹಾಡು ಬಂದರೆ ಪುಸ್ತಕ ಹಿಡಿದು ಸುಮ್ನೆ ನಿಲ್ಲುತ್ತಾಳೆ. ಇಂಗ್ಲಿಷ್ ಅಕ್ಷರದಲ್ಲೇ ಅಚ್ಚು ಹಾಕಿಸೋಣ ಎಂದು ಕೆಲವರು ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಆದರೆ ಹಳೆಯದರ ಮೇಲಿನ ಪ್ರೀತಿ ಬಿಟ್ಟು ಬೇರೆ ಕಾರಣ ಏನಾದರೂ ಇದೆಯಾ?

ಗೋವಾದಲ್ಲಿರುವ ಕಾಸರಗೋಡಿನವ:
ಇಲ್ಲಿ ಇವತ್ತಿಗೂ ರೋಮನ್ ಲಿಪಿಯ ಕೊಂಕಣಿಯಲ್ಲೇ ಪೂಜೆ ನಡೆಯುತ್ತದೆ. ಥಾಮಸ್ ಸ್ಟೀಫನ್ಸ್ ಪಾದ್ರಿಯ ಕೊಂಕಣಿ ಧರ್ಮಬೋಧೆ 1622ರಲ್ಲಿ ಅಚ್ಚಾದದ್ದು ರೋಮನ್ ಲಿಪಿಯಲ್ಲೇ. ನಮ್ಮ ಹಿರಿಯರು ಗೋವಾದಿಂದ ಕೆನರಾಕ್ಕೆ (ಮಂಗಳೂರು ಕಡೆಯ ಕರಾವಳಿಗೆ) ಬಂದು ಆ ಊರಿನ ಲಿಪಿ ಹಿಡಿದರು, ಅಷ್ಟೇ. ಕಥೊಲಿಕ್ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆಯವರೆಗೆ (1962–65) ಪೂಜೆ ಲ್ಯಾಟಿನ್‌ನಲ್ಲಿತ್ತು, ಅಜ್ಜಿಯರ ಭಕ್ತಿ ಅದರಿಂದ ಕಡಿಮೆಯಾಗಿತ್ತಾ? ಮಗು ಓದಲಿ, ಅದು ಮುಖ್ಯ.

ಬೇಳದವಳು:
ಜನರಿಗೆ ಅರ್ಥವಾಗಲಿ ಎಂದೇ ಅಲ್ವಾ ಆ ಸಭೆ ಊರಿನ ಭಾಷೆಗೆ ಜಾಗ ಕೊಟ್ಟದ್ದು? ಮತ್ತೆ, ನಾವು ಗೋವಾದಿಂದ ಬಂದ ಹಾಗೆ ಈಗ ಎಲ್ಲಿಗೂ ಹೋಗಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ನಮ್ಮ ಇಗರ್ಜಿಗಳು ಈಗಲೂ ಮಂಗಳೂರು ಧರ್ಮಪ್ರಾಂತದಲ್ಲೇ ಇವೆ.

ಈ ಲಿಪಿ ನಮಗೆ ಸುಮ್ನೆ ಸಿಕ್ಕಿದ್ದಲ್ಲ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಮತ ಸಾರಲಿಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಾರಬೇಕಾದರೆ ಕನ್ನಡ, ತುಳು ಕಲಿಯಲೇಬೇಕಿತ್ತು, ಕಲಿತರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಟಿತು, 1894ರಲ್ಲಿ ಅದೇ ಮಿಶನ್ನಿನ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಕಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಅಷ್ಟಕ್ಕಷ್ಟೇ ಇದ್ದ ಕಾಲದಲ್ಲಿ, ಇಟಲಿಯ ಕಥೊಲಿಕ್ ಜೆಸ್ವಿತ್ ಪಾದ್ರಿ ಮಾಫೆಯಿ ಬರೆದ ಕೊಂಕಣಿ ವ್ಯಾಕರಣ 1882ರಲ್ಲಿ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾಯಿತು! ಆಮೇಲೆ 1938ರಲ್ಲಿ ಶುರುವಾದ 'ರಾಕ್ಣೊ' ಕೊಂಕಣಿ ವಾರಪತ್ರಿಕೆಯೂ ಕನ್ನಡ ಲಿಪಿಯದ್ದೇ. ಲಿಪಿ ಬಿಟ್ಟರೆ ಇಷ್ಟೂ ಓದು ಮಗುವಿನ ಕೈತಪ್ಪುತ್ತದೆ, ಬರೇ ಹಾಡಿನ ಪುಸ್ತಕವಲ್ಲ.

ಕುಂಬಳೆಯ ಕನ್ನಡ ಮೇಷ್ಟ್ರು:
ನಾನು ಕ್ರೈಸ್ತನಲ್ಲ, ಆದರೂ ಇದು ನನ್ನ ವಿಷಯವೂ ಹೌದು. ಕ್ರಿಸ್ತನ ಕೊನೆಯ ದಿನದ ಮೇಲೆ ಕನ್ನಡದಲ್ಲಿ 'ಗೊಲ್ಗೊಥಾ' ಬರೆದವರು ಮಂಜೇಶ್ವರದ ಗೋವಿಂದ ಪೈಗಳು. ಯೇಸುವಿನ ಸಂಕಟ ತನ್ನ ಊರಿನವರದ್ದೂ ಹೌದು ಎಂದು ಒಬ್ಬ ಹಿಂದೂ ಕವಿಗೆ ಅನ್ನಿಸಿತ್ತು. ಅದೇ ಊರಿನ ಕ್ರೈಸ್ತ ಮಗುವಿಗೆ ಅದನ್ನು ಓದಲಾಗದಿದ್ದರೆ ನನಗೆ ಸಂಕಟವಾಗುತ್ತದೆ.

ಕಲಿಸುವುದು ಕಷ್ಟವಲ್ಲ. ಮಲಯಾಳ ಬಲ್ಲ ಮಗುವಿಗೆ ಅಕ್ಷರಮಾಲೆಯ ಕ್ರಮ ಗೊತ್ತೇ ಇರುತ್ತದೆ, ಕಾಗುಣಿತದ ಲೆಕ್ಕವೂ ಹಾಗೇ. ಆಕಾರ ಮಾತ್ರ ಬೇರೆ. ಹೊಸ ಪಾಠದಿಂದ ಶುರು ಮಾಡಬೇಡಿ. ಬಾಯಿಪಾಠ ಇರುವ ಪ್ರಾರ್ಥನೆಯನ್ನೇ ಕೊಟ್ಟು, ಹೇಳುತ್ತಾ ಅಕ್ಷರದ ಮೇಲೆ ಬೆರಳಿಡಲು ಹೇಳಿ. ಮುಂದೆ ಏನು ಬರುತ್ತದೆಂದು ಅವಳಿಗೆ ಗೊತ್ತು, ಹಾಗಾಗಿ ಹೆದರಿಕೆ ಇರುವುದಿಲ್ಲ.

ಗೋವಾದಲ್ಲಿರುವ ಕಾಸರಗೋಡಿನವ:
ಮೇಷ್ಟ್ರ ಮಾತು ಒಪ್ಪಿದೆ. ಆದರೆ ಕಲಿಯುವವರೆಗೆ ಮಗು ಬಾಯಿ ಮುಚ್ಚಿ ನಿಲ್ಲಬಾರದು. ಒಂದೇ ಪುಟದಲ್ಲಿ ಮೇಲೆ ಕನ್ನಡ ದೊಡ್ಡದಾಗಿ, ಕೆಳಗೆ ರೋಮನ್ ಸಣ್ಣದಾಗಿ ಹಾಕಿ.

ಮಂಜೇಶ್ವರದವ:
ಇದು ಆಗುವ ಕೆಲಸ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಜನ್ಮದಿನಕ್ಕೆ) ಮೊದಲು ಒಂಬತ್ತು ದಿನ ಮಕ್ಕಳು ಹೇಗೂ ಹೂ ಹಿಡಿದು ಬರುತ್ತಾರೆ. ಆ ಹಾಡುಗಳು ಅವರಿಗೆಲ್ಲ ಬಾಯಿಗೆ ಬರುತ್ತವೆ. ಅವನ್ನೇ ಮೊದಲು ಅಚ್ಚು ಹಾಕಿಸಲು ಪಾದ್ರಿಗಳ ಹತ್ತಿರ ಈ ಆದಿತ್ಯವಾರ ಕೇಳುತ್ತೇನೆ.