ವೆಬ್ ವಿನ್ಯಾಸವನ್ನು ಮನೆಯಲ್ಲೇ ಕಲಿಯಲು ಯಾವ ತಾಣಗಳನ್ನು ನಂಬಬಹುದು?

ತೊಗರಿ ಕಣಜ (ಆಳಂದ, ಕಲಬುರಗಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿ.ಕಾಂ. ಮುಗಿಸಿ ಈಗ ಆಳಂದದ ಮನೆಯಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಾದ್ದರಿಂದ ಇಂಗ್ಲಿಷನ್ನು ಓದಿದರೆ ತಿಳಿಯುತ್ತದೆ, ಆದರೆ ವಿಡಿಯೊಗಳಲ್ಲಿ ವೇಗವಾಗಿ ಮಾತನಾಡಿದರೆ ಅರ್ಧ ಮಾತು ಕೈತಪ್ಪುತ್ತದೆ. ವೆಬ್ ಡಿಸೈನ್ ಕಲಿಯಬೇಕೆಂದು ನಗರದ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ವಿಚಾರಿಸಿದಾಗ ಮೂರು ತಿಂಗಳಿಗೆ 35 ಸಾವಿರ ರೂಪಾಯಿ ಕೇಳಿದರು. ಅಷ್ಟು ಹಣ ಹೊಂದಿಸುವುದು ನಮ್ಮ ಮನೆಯಲ್ಲಿ ಸಾಧ್ಯವಿಲ್ಲ.

ಆರು ವಾರಗಳಿಂದ ಯೂಟ್ಯೂಬಿನಲ್ಲಿ ನೋಡುತ್ತಿದ್ದೇನೆ. ನೋಡುವಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ; ಖಾಲಿ ಫೈಲ್ ತೆರೆದು ಕುಳಿತರೆ ಮೊದಲ ಸಾಲೇ ಹೊಳೆಯುವುದಿಲ್ಲ. ನಮ್ಮ ಸೋದರಮಾವನ ದಾಲ್ ಮಿಲ್ಲಿಗೆ ಕನ್ನಡದಲ್ಲಿ ಒಂದು ಜಾಲತಾಣ ಮಾಡಿಕೊಡಬೇಕೆಂಬ ಆಸೆಯಿದೆ. ನನ್ನ ಹತ್ತಿರ 4 ಜಿಬಿ ರ್‍ಯಾಮ್ ಇರುವ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಎಲ್ಲಿಂದ ಆರಂಭಿಸಲಿ, ಯಾವುದನ್ನು ಬಿಡಲಿ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಬೀದರ್ ಕೋಟೆ

ಗೆಳೆಯರೇ, ನಾನು ಬೀದರಿನವನು, ಹಲವು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಿಮಗೆ ತಾಣಗಳ ಕೊರತೆಯಿಲ್ಲ. ನೋಡುವುದು ಹೆಚ್ಚಾಗಿ ಬರೆಯುವುದು ಕಡಿಮೆಯಾಗಿದೆ. ಆದ್ದರಿಂದ ಕೈಯಿಂದ ಬರೆಯಿಸುವ ಒಂದು ತಾಣವನ್ನು, ಸಂದೇಹ ಬಂದಾಗ ತೆರೆದು ನೋಡುವ ಇನ್ನೊಂದನ್ನು ಹಿಡಿದುಕೊಂಡು ಉಳಿದವನ್ನು ಸದ್ಯಕ್ಕೆ ಬದಿಗಿಡಿ.

ಬರೆಯಿಸುವ ತಾಣವೆಂದರೆ ಫ್ರೀಕೋಡ್‌ಕ್ಯಾಂಪ್. 2014ರಲ್ಲಿ ಆರಂಭವಾದ ಈ ಲಾಭರಹಿತ ಸಂಸ್ಥೆಯಲ್ಲಿ ಪಾಠವೂ ಪ್ರಮಾಣಪತ್ರವೂ ಉಚಿತ. ಬ್ರೌಸರಿನೊಳಗೇ ಒಂದೊಂದು ಸಾಲು ಬರೆಯಿಸಿ, ತಪ್ಪಿದ್ದರೆ ಅಲ್ಲೇ ತೋರಿಸುವುದರಿಂದ ನಿಮ್ಮ ಲ್ಯಾಪ್‌ಟಾಪಿಗೆ ಭಾರವಾಗುವುದಿಲ್ಲ. ತೆರೆದು ನೋಡುವುದಕ್ಕೆ ಎಂಡಿಎನ್ ಇದೆ. ಮೊಜಿಲ್ಲಾ 2005ರಲ್ಲಿ ಆರಂಭಿಸಿದ ಈ ತಾಣದಲ್ಲಿ ಪುಟದ ರಚನೆಯ ಎಚ್‌ಟಿಎಂಎಲ್, ಅಂದಚೆಂದದ ಸಿಎಸ್‌ಎಸ್, ಕ್ರಿಯೆಗಳ ಜಾವಾಸ್ಕ್ರಿಪ್ಟ್ ಎಂಬ ಸಂಕೇತ ಭಾಷೆಗಳ ಪ್ರತಿಯೊಂದು ಅಂಶಕ್ಕೂ ಪ್ರತ್ಯೇಕ ಪುಟವಿದ್ದು, ಯಾವ ಬ್ರೌಸರಿನಲ್ಲಿ ಅದು ನಡೆಯುತ್ತದೆ ಎಂಬ ಪಟ್ಟಿಯೂ ಪುಟದ ಕೊನೆಯಲ್ಲಿರುತ್ತದೆ. ಡಬ್ಲ್ಯು3ಸ್ಕೂಲ್ಸ್ ತಾಣದ ಇಂಗ್ಲಿಷ್ ಸರಳವಾಗಿದೆ, ಮೊದಲ ವಾರಗಳಲ್ಲಿ ಅದು ನೆರವಾಗಬಹುದು. ಆದರೆ ಹೆಸರು ನೋಡಿ ಅನೇಕರು ಭಾವಿಸುವಂತೆ ಅದು ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯದ್ದಲ್ಲ.

ದಿ ಓಡಿನ್ ಪ್ರಾಜೆಕ್ಟ್ ಬಗ್ಗೆ ನನಗೆ ಬಹಳ ಗೌರವವಿದೆ, ಏಕೆಂದರೆ ಅದು ಉತ್ತರವನ್ನು ಬಾಯಿಗಿಡದೆ ನಿಮ್ಮಿಂದಲೇ ಹುಡುಕಿಸುತ್ತದೆ. ಆದರೆ ಅದರ ಪಾಠಕ್ರಮವು ಲಿನಕ್ಸ್ ಅಥವಾ ಮ್ಯಾಕ್ ಬೇಡುತ್ತದೆ. ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ವರ್ಚುವಲ್ ಮಷೀನ್ ಹಾಕಿದರೆ 4 ಜಿಬಿ ಯಂತ್ರ ಏದುಸಿರು ಬಿಡುತ್ತದೆ. ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ.

ಸಿಎಸ್‌ಎಸ್‌ನಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಎಲ್ಲರನ್ನೂ ಕಾಡುತ್ತದೆ. ಅದಕ್ಕೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಎಂಬ 24 ಹಂತಗಳ ಆಟವಿದೆ. ಕಪ್ಪೆಯನ್ನು ಅದರ ಎಲೆಯ ಮೇಲೆ ಕೂರಿಸುವುದಷ್ಟೇ ಕೆಲಸ. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಕಲಿತದ್ದು ಮರೆಯುವುದಿಲ್ಲ.

ಯಾದಗಿರಿಯ ಉಪನ್ಯಾಸಕಿ

ಬೀದರಿನ ಸರ್ ಹೇಳಿದ ಕ್ರಮ ಸರಿಯಾಗಿದೆ. ಇಂಗ್ಲಿಷ್ ವಿಡಿಯೊ ಕಷ್ಟವಾಗುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ತಾಣವನ್ನೂ ಸೂಚಿಸುತ್ತೇನೆ. ಸುಮಾರು ಹತ್ತು ನಿಮಿಷಗಳ ಚಿಕ್ಕ ಪಾಠಗಳು ಅಲ್ಲಿವೆ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಧ್ವನಿಯಲ್ಲಿವೆ. ವಿಷಯವನ್ನೂ ಭಾಷೆಯನ್ನೂ ಆರಿಸಿ ಹುಡುಕಬಹುದು. ವಿಡಿಯೊವನ್ನು ಪರದೆಯ ಒಂದು ಬದಿಯಲ್ಲಿಟ್ಟು, ಇನ್ನೊಂದು ಬದಿಯಲ್ಲಿ ಜೊತೆಜೊತೆಗೇ ಮಾಡಬೇಕೆಂಬುದು ಅವರ ಪದ್ಧತಿ. ನನ್ನ ವಿದ್ಯಾರ್ಥಿಗಳಿಗೆ ಇದೊಂದು ಅಭ್ಯಾಸವೇ ಬಹಳ ಉಪಕಾರ ಮಾಡಿದೆ.

ನಿಮ್ಮ ಜಾಲತಾಣ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಪಾಠಗಳಲ್ಲಿ ಸಿಗದ ಕೆಲವು ಮಾತುಗಳನ್ನು ಹೇಳಬೇಕಾಗಿದೆ. ಮಿಲ್ಲಿನ ದರಪಟ್ಟಿಯನ್ನು ಬಹುಶಃ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ, ಅಂದರೆ ರೋಮನ್ ಅಕ್ಷರಗಳ ಸಂಕೇತಗಳನ್ನೇ ಕನ್ನಡದ ಆಕಾರದಲ್ಲಿ ತೋರಿಸುವ ಫಾಂಟಿನಲ್ಲಿ ಹೊಡೆಸಿರುತ್ತೀರಿ. ಅದನ್ನು ಹಾಗೆಯೇ ತಂದು ಪುಟಕ್ಕೆ ಅಂಟಿಸಿದರೆ ‘ತೊಗರಿ ಬೇಳೆ’ ಇರಬೇಕಾದ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹಾಗಾಗಿ ಮೊದಲು ಪಠ್ಯವನ್ನು ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿಕೊಳ್ಳಿ. ಇದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೂ ‘ವರ್ಷ’, ‘ಮಾರ್ಚ್’ ಮುಂತಾದ ಅರ್ಕಾವೊತ್ತಿನ ಪದಗಳನ್ನು ಕಣ್ಣಾರೆ ಓದಿ ನೋಡಿ, ಅಲ್ಲೇ ತಪ್ಪು ಉಳಿಯುವುದು ಹೆಚ್ಚು.

ಎರಡನೆಯದು ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ಮಾದರಿಯ ಅಳತೆಯನ್ನೇ ಇಟ್ಟರೆ ‘ರಾಷ್ಟ್ರ’ ಎಂಬ ಪದದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಲೈನ್ ಹೈಟನ್ನು 1.6 ಅಥವಾ 1.7 ಮಾಡಿ ನೋಡಿ, ಪುಟವೇ ಉಸಿರಾಡಿದಂತಾಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತೀರೊ ಕನ್ನಡ ಉಚಿತವಾಗಿ ಸಿಗುತ್ತವೆ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸದ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂದು ವೆಬ್ ಸುಗಮ್ಯತೆಯ ಮಾನಕ ಹೇಳುತ್ತದೆ. ನಮ್ಮ ಭಾಗದ ಮೇ ತಿಂಗಳ ಬಿಸಿಲಿನಲ್ಲಿ ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಫೋನ್ ನೋಡುವ ರೈತರಿಗೆ ತಿಳಿಬೂದು ಅಕ್ಷರ ಕಾಣುವುದೇ ಇಲ್ಲ, ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಒತ್ತಿ ಹೇಳುತ್ತೇನೆ.

ತೊಗರಿ ಕಣಜ

ಮೇಡಂ, ಸರ್, ಇಬ್ಬರಿಗೂ ಧನ್ಯವಾದಗಳು. ದರಪಟ್ಟಿ ನಿಜಕ್ಕೂ ನುಡಿಯಲ್ಲೇ ಇತ್ತು, ಪರಿವರ್ತಿಸಿದೆ. ಮೂರು ದಿನಗಳಲ್ಲಿ ವಿಡಿಯೊ ನೋಡದೆ ಒಂದು ಪುಟ ಬರೆದಿದ್ದೇನೆ: ಮಿಲ್ಲಿನ ಹೆಸರು, ದರಪಟ್ಟಿ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತ ಬಗ್ಗೆ ಎರಡು ಸಾಲು, ಮತ್ತು ಮಿಲ್ಲಿನ ಒಂದು ಚಿತ್ರ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ಮಾವನ ಫೋನಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಇರುವೆಯಷ್ಟು ಚಿಕ್ಕದಾಗಿವೆ, ಚಿತ್ರ ಮೂಡುವುದಕ್ಕೂ ಬಹಳ ಹೊತ್ತಾಗುತ್ತದೆ. ಪುಟಗಳನ್ನು ಅಂತರ್ಜಾಲಕ್ಕೆ ಉಚಿತವಾಗಿ ಏರಿಸಲು ಗಿಟ್‌ಹಬ್ ಪೇಜಸ್ ಎಂಬ ಸೇವೆ ಇದೆಯಂತೆ, ಇದನ್ನು ಅದಕ್ಕೆ ಹಾಕಿದರೆ ಸಾಕೇ?

ಬೀದರ್ ಕೋಟೆ

ಮೂರು ದಿನಗಳಲ್ಲಿ ಇಷ್ಟು ಮಾಡಿದ್ದೀರಿ, ಬಹಳ ಸಂತೋಷವಾಯಿತು. ಅಕ್ಷರ ಚಿಕ್ಕದಾಗಲು ಕಾರಣ, ನೀವು ಹೆಡ್ ಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿಲ್ಲ. ಅದಿಲ್ಲದಿದ್ದರೆ ಫೋನು ನಿಮ್ಮ ಪುಟ ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ, ಅದನ್ನು ಕುಗ್ಗಿಸಿ ಪುಟ್ಟ ಪರದೆಯಲ್ಲಿ ತುಂಬಿಸುತ್ತದೆ. ಎಂಡಿಎನ್‌ನಲ್ಲಿ ವ್ಯೂಪೋರ್ಟ್ ಎಂದು ಹುಡುಕಿ ಆ ಒಂದು ಸಾಲನ್ನು ಸೇರಿಸಿ. ಹಾಗೆಯೇ ಫೈಲಿನ ಆರಂಭದ ಎಚ್‌ಟಿಎಂಎಲ್ ಟ್ಯಾಗಿನ ಭಾಷಾ ಸಂಕೇತವನ್ನು ರೋಮನ್ ಅಕ್ಷರಗಳಲ್ಲಿ ‘kn’ ಎಂದು ಬದಲಿಸಿ, ಆಗ ಪುಟ ಕನ್ನಡದ್ದೆಂದು ಬ್ರೌಸರಿಗೂ ಪರದೆ ಓದುವ ತಂತ್ರಾಂಶಕ್ಕೂ ತಿಳಿಯುತ್ತದೆ.

ಚಿತ್ರವನ್ನು ಫೋನಿನಿಂದ ತೆಗೆದದ್ದನ್ನೇ ಹಾಕಿದ್ದೀರಿ ಎಂದು ಕಾಣುತ್ತದೆ. ಸ್ಕ್ವೂಶ್ ಎಂಬ ಉಚಿತ ತಾಣದಲ್ಲಿ ಅದರ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿ. ಹಲವು ಎಂಬಿ ತೂಗುವ ಚಿತ್ರ ಕೆಲವು ನೂರು ಕೆಬಿಗೆ ಇಳಿಯುತ್ತದೆ.

ಗಿಟ್‌ಹಬ್ ಪೇಜಸ್ ಕಲಿಕೆಗೆ ಅತ್ಯುತ್ತಮ, ಒಂದು ತಾಣಕ್ಕೆ 1 ಜಿಬಿವರೆಗೆ ಜಾಗ ಉಚಿತ. ಆದರೆ ಅದನ್ನು ಆನ್‌ಲೈನ್ ವ್ಯಾಪಾರ ನಡೆಸುವ ಉಚಿತ ಹೋಸ್ಟಿಂಗ್ (ತಾಣದ ಫೈಲುಗಳನ್ನಿಡುವ ಜಾಗ) ಆಗಿ ಬಳಸಬಾರದೆಂದು ಅವರ ನಿಯಮವಿದೆ. ಆದ್ದರಿಂದ ಅಭ್ಯಾಸದ ಪ್ರತಿಯನ್ನು ಅಲ್ಲಿಡಿ. ಮಿಲ್ಲಿನ ತಾಣಕ್ಕೆ ಮುಂದೆ ಮಾವನವರ ಹೆಸರಿನಲ್ಲೇ ಡೊಮೇನ್ (ತಾಣದ ವಿಳಾಸ) ಮತ್ತು ಹೋಸ್ಟಿಂಗ್ ಕೊಳ್ಳಿ. ಡೊಮೇನಿನ ಪಾಸ್‌ವರ್ಡ್ ಮಿಲ್ಲಿನವರ ಕೈಯಲ್ಲಿಯೂ ಇರಲಿ, ನವೀಕರಣದ ದಿನಾಂಕವನ್ನು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಯಾದಗಿರಿಯ ಉಪನ್ಯಾಸಕಿ

ದರಪಟ್ಟಿಯನ್ನು ಚಿತ್ರವಾಗಿ ಹಾಕದೆ ಟೇಬಲ್ ಟ್ಯಾಗಿನಲ್ಲೇ ಬರೆಯಿರಿ, ಏಕೆಂದರೆ ದರ ದಿನದಿನವೂ ಬದಲಾಗುತ್ತದೆ ಮತ್ತು ಚಿತ್ರದೊಳಗಿನ ಅಕ್ಷರವನ್ನು ತಿದ್ದಲಾಗುವುದಿಲ್ಲ. ಟೇಬಲ್ ಸಿದ್ಧವಾದ ಮೇಲೆ, ಮಾವನವರು ಫೋನಿನಿಂದಲೇ ದರ ಬದಲಿಸುವಂತೆ ಮಾಡುವುದು ಹೇಗೆಂಬ ಪ್ರಶ್ನೆ ತಾನಾಗಿ ಬರುತ್ತದೆ. ಆಗ ಜಾವಾಸ್ಕ್ರಿಪ್ಟ್ ಪಾಠವನ್ನು ತೆರೆಯಿರಿ.