ಹಳೇ ಡ್ರೈ ಕ್ಲೀನಿಂಗ್ ಜಾಗ ಕೊಳ್ಳಬೇಕು ಅಂತಿದ್ದೇವೆ, ತೆರಿಗೆ ರಿಯಾಯಿತಿ ನಂಬಬಹುದಾ?

ಪ್ರಶ್ನೆ:

ನಾವು ಕೆಲವರು ಸೇರಿ ಒಂದು ಹಳೇ ಜಾಗ ಕೊಳ್ಳುವ ಯೋಚನೆಯಲ್ಲಿದ್ದೇವೆ. ಅಲ್ಲಿ ಡ್ರೈ ಕ್ಲೀನಿಂಗ್ ಇತ್ತು, ಅದಕ್ಕೂ ಮುಂಚೆ ಪೆಟ್ರೋಲ್ ಬಂಕ್ ಇತ್ತಂತೆ. ಕೆಳಗೆ ಅಂಗಡಿ, ಮೇಲೆ ಮನೆಗಳು ಕಟ್ಟಬೇಕು ಅಂತ ಆಸೆ. ಸುತ್ತಲಿನ ಜಾಗಕ್ಕೆ ಹೋಲಿಸಿದರೆ ಬೆಲೆ ತುಂಬಾ ಕಡಿಮೆ. ಮಾರುವವರು ಹೇಳುತ್ತಿರುವುದು ಏನೆಂದರೆ, ಇಂಥ ಕಲುಷಿತ ಜಾಗದಲ್ಲಿ ಹೊಸದಾಗಿ ಕಟ್ಟಿದರೆ ಸ್ಥಳೀಯ ಆಡಳಿತ ಆಸ್ತಿ ತೆರಿಗೆ ಬಿಡುತ್ತದೆ, ಕ್ಲೀನಪ್ ಖರ್ಚೆಲ್ಲ ಅದರಲ್ಲೇ ವಾಪಸ್ ಬರುತ್ತದೆ ಅಂತ. ಇದು ನಿಜವಾ? ಒಂದೊಂದು ಕಡೆ ಒಂದೊಂದು ನಿಯಮ ಅಂತ ಗೊತ್ತು. ಆದರೂ ಬೇರೆ ಬೇರೆ ಕಡೆ ಇಂಥದ್ದರಲ್ಲಿ ಕೈ ಹಾಕಿದವರು ಏನು ಕಂಡಿರಿ ಅಂತ ದಯವಿಟ್ಟು ಹೇಳಿ.

ಮಣ್ಣು, ನೀರು ಪರೀಕ್ಷೆಯ ಕೆಲಸದಲ್ಲಿರುವವರು:

ತೆರಿಗೆ ವಿಷಯ ಆಮೇಲೆ ನೋಡೋಣ, ಮೊದಲು ಮಣ್ಣು. ನಾನು ಅಮೆರಿಕದಲ್ಲಿ ಇದೇ ಕೆಲಸ ಮಾಡುತ್ತೇನೆ. ಡ್ರೈ ಕ್ಲೀನಿಂಗ್ ಅಂದರೆ ಮೊದಲು ಹುಡುಕಬೇಕಾದ್ದು ಪರ್ಕ್, ಅಂದರೆ ಪರ್‌ಕ್ಲೋರೋಎಥಿಲೀನ್ ಅನ್ನುವ ದ್ರಾವಕ. ಅದು ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದರೆ ಕಾಂಕ್ರೀಟಿನ ಬಿರುಕಿನಲ್ಲಿ ಇಳಿದು, ಅಂತರ್ಜಲ ಸಿಕ್ಕರೂ ಅಲ್ಲಿ ನಿಲ್ಲದೆ ಇನ್ನೂ ಕೆಳಗೆ ಹೋಗುತ್ತದೆ. ಪೆಟ್ರೋಲ್ ಹಾಗಲ್ಲ, ನೀರಿನ ಮೇಲೆ ತೇಲುತ್ತದೆ, ಹುಡುಕುವುದೂ ತೆಗೆಯುವುದೂ ಸಾಮಾನ್ಯವಾಗಿ ಸುಲಭ. ಪರ್ಕಿನ ಇನ್ನೊಂದು ತೊಂದರೆ, ಅದು ಆವಿಯಾಗಿ ಮೇಲಕ್ಕೆದ್ದು ಕಟ್ಟಡದೊಳಗೆ ಬರುತ್ತದೆ. ನೀವು ಜನ ವಾಸ ಮಾಡುವ ಮನೆ ಕಟ್ಟುತ್ತೀರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಲ್ಲಿ ಫೇಸ್ ಒನ್ ಅನ್ನುವ ವರದಿ ಇದೆ. ಅದರಲ್ಲಿ ಮಣ್ಣು ಮುಟ್ಟುವುದೇ ಇಲ್ಲ. ಹಳೇ ನಕ್ಷೆ, ಆಕಾಶದಿಂದ ತೆಗೆದ ಹಳೇ ಫೋಟೋ, ಸರ್ಕಾರಿ ದಾಖಲೆ, ಜಾಗದಲ್ಲಿ ಒಂದು ಓಡಾಟ, ಹಿಂದಿನ ಮಾಲೀಕರ ಜೊತೆ ಮಾತು, ಇಷ್ಟೇ. ಅನುಮಾನ ಬಂದರೆ ಫೇಸ್ ಟೂ, ಆಗ ಕೊರೆದು ಮಣ್ಣು, ನೀರು, ಮಣ್ಣಿನೊಳಗಿನ ಗಾಳಿ ಮೂರನ್ನೂ ಲ್ಯಾಬಿಗೆ ಕಳಿಸುತ್ತೇವೆ. ನಿಮ್ಮ ಜಾಗದ ಇತಿಹಾಸ ಕೇಳಿದರೆ ಫೇಸ್ ಟೂ ಇಲ್ಲದೆ ಮುಂದೆ ಹೋಗಲೇಬೇಡಿ. ಮಾರುವವರ ಹತ್ತಿರ ಹಳೇ ವರದಿ ಇದ್ದರೆ ಇಸ್ಕೊಂಡು ಓದಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಇದಕ್ಕೂ ತೆರಿಗೆಗೂ ನೇರ ಸಂಬಂಧ ಇದೆ. ಇಲ್ಲಿ ಕಲುಷಿತ ಜಾಗಗಳ ಕ್ಲೀನಪ್ಪಿಗೆ ಅಂತ ಇರುವ 1980ರ ಸೂಪರ್‌ಫಂಡ್ ಕಾನೂನಿನಲ್ಲಿ, ಗಲೀಜು ಯಾರೇ ಮಾಡಿರಲಿ, ಈಗಿನ ಮಾಲೀಕರ ಮೇಲೂ ಹೊಣೆ ಬರಬಹುದು. 2002ರ ತಿದ್ದುಪಡಿ ಆದ ಮೇಲೆ, ಕೊಳ್ಳುವ ಮೊದಲೇ ಸರಿಯಾಗಿ ವಿಚಾರಿಸಿ ಕೊಂಡು, ಆಮೇಲೂ ಜಾಗವನ್ನು ಜವಾಬ್ದಾರಿಯಿಂದ ನೋಡಿಕೊಂಡವರಿಗೆ ರಕ್ಷಣೆ ಸಿಕ್ಕಿತು. ಹಾಗೆ ವಿಚಾರಿಸಿದ ವರದಿ ಕೊಳ್ಳುವ ದಿನಕ್ಕೆ ಒಂದು ವರ್ಷದೊಳಗಿನದ್ದಾಗಿರಬೇಕು, ಅದರ ಮುಖ್ಯ ಭಾಗಗಳು 180 ದಿನದೊಳಗಿನವು. ಮಿಶಿಗನ್ ರಾಜ್ಯದಲ್ಲಿ ಇನ್ನೊಂದು ಇದೆ, ಬೇಸ್‌ಲೈನ್ ವರದಿ, ಅಂದರೆ ಕೊಳ್ಳುವಾಗ ಜಾಗ ಯಾವ ಸ್ಥಿತಿಯಲ್ಲಿತ್ತು ಅನ್ನುವ ದಾಖಲೆ, ಅದನ್ನು ಕೊಂಡ 45 ದಿನದೊಳಗೆ ಮಾಡಿಸಬೇಕು. ದಿನಾಂಕ ತಪ್ಪಿದರೆ ರಕ್ಷಣೆ ಹೋಗುತ್ತದೆ. ಎಷ್ಟೋ ತೆರಿಗೆ ಯೋಜನೆಗಳಲ್ಲಿ ಹೊಣೆ ಇರುವವರಿಗೆ ರಿಯಾಯಿತಿಯೇ ಇಲ್ಲ, ಹಾಗಾಗಿ ಒಂದು ಹೋದರೆ ಎರಡೂ ಹೋದ ಹಾಗೆ. ಬಂಕಿನ ಭಾಗಕ್ಕೆ ಬೇರೆ ನಿಯಮ ಇರುತ್ತದೆ, ಸೂಪರ್‌ಫಂಡ್ ಕಾನೂನು ಪೆಟ್ರೋಲಿಯಂ ಅನ್ನು ಹೊರಗಿಟ್ಟಿದೆ. ನೆಲದೊಳಗಿನ ಟ್ಯಾಂಕು ತೆಗೆದ ದಾಖಲೆ ಇದೆಯಾ ಅಂತ ಬೇರೆಯಾಗಿ ಕೇಳಿ.

ಮಿಶಿಗನ್‌ನಲ್ಲಿ ಇಂಥ ಜಾಗಗಳಲ್ಲಿ ಕಟ್ಟಿಸಿದವರು:

ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ನಾನು ದುಡ್ಡಿನ ಭಾಗ ಹೇಳುತ್ತೇನೆ.

ಮಾರುವವರ ಮಾತು ಅರ್ಧ ನಿಜ. ಖರ್ಚು ವಾಪಸ್ ಬರುವ ದಾರಿ ಇದೆ. ಆದರೆ ಯಾವಾಗ ಬರುತ್ತದೆ, ಯಾವುದರಿಂದ ಬರುತ್ತದೆ ಅನ್ನುವುದನ್ನು ಅವರು ಹೇಳುವುದಿಲ್ಲ. ವ್ಯವಸ್ಥೆಗಳೇ ಬೇರೆ ಬೇರೆ ಇವೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾಗದ ತೆರಿಗೆ ಮೌಲ್ಯವನ್ನು 10 ವರ್ಷದವರೆಗೆ ಹಳೇ ಮಟ್ಟದಲ್ಲೇ ನಿಲ್ಲಿಸುತ್ತಾರೆ, ಅದಕ್ಕೂ ಮೊದಲೇ ನಿಮ್ಮ ಅರ್ಹ ಕ್ಲೀನಪ್ ಖರ್ಚು ಉಳಿತಾಯದಲ್ಲಿ ತೀರಿದರೆ ರಿಯಾಯಿತಿ ಅಲ್ಲಿಗೇ ಮುಗಿಯುತ್ತದೆ. ಕೆನಡಾದ ಒಂಟಾರಿಯೋದಲ್ಲಿ ನಗರ ತನ್ನ ಪಾಲಿನ ತೆರಿಗೆ ಬಿಟ್ಟರೆ ಪ್ರಾಂತ್ಯ ಶಾಲಾ ತೆರಿಗೆಯ ಪಾಲನ್ನೂ ಬಿಡುವ ಅವಕಾಶ ಇದೆ. ನಮ್ಮ ಮಿಶಿಗನ್‌ನಲ್ಲಿ 1996ರ ಆಕ್ಟ್ 381 ಅಂತ ಒಂದು ಕಾನೂನು. ಇದರಲ್ಲಿ ತೆರಿಗೆ ಬಿಡುವುದಿಲ್ಲ, ನೀವು ಪೂರ್ತಿ ಕಟ್ಟುತ್ತೀರಿ. ಹೆಚ್ಚಾದ ತೆರಿಗೆಯಲ್ಲಿ ನಿಮ್ಮ ಕ್ಲೀನಪ್ ಖರ್ಚನ್ನು ವರ್ಷ ವರ್ಷ ವಾಪಸ್ ಕೊಡುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಈಗ ಆ ಜಾಗಕ್ಕೆ ವರ್ಷಕ್ಕೆ 100 ತೆರಿಗೆ ಬರುತ್ತಿದೆ ಅಂತ ಇಟ್ಟುಕೊಳ್ಳಿ. ನೀವು ಕಟ್ಟಿದ ಮೇಲೆ 500 ಆಗುತ್ತದೆ. ಹಳೇ 100 ಎಂದಿನಂತೆ ಆಡಳಿತಕ್ಕೇ ಹೋಗುತ್ತದೆ. ಜಾಸ್ತಿಯಾದ 400ರಲ್ಲಿ ನಿಮ್ಮ ಖರ್ಚು ತೀರಿಸುತ್ತಾರೆ. ಕ್ಲೀನಪ್ಪಿಗೆ 2000 ಹೋಗಿದ್ದರೆ 5 ವರ್ಷ, ಅದೂ ಇಡೀ 400 ನಿಮಗೇ ಸಿಕ್ಕರೆ. ಸಾಮಾನ್ಯವಾಗಿ ಇಡೀ 400 ಸಿಗುವುದಿಲ್ಲ, ಶಾಲಾ ತೆರಿಗೆಯ ಪಾಲು ಬಳಸಬೇಕಾದರೆ ರಾಜ್ಯದ ಒಪ್ಪಿಗೆ ಬೇಕು, ಒಂದಿಷ್ಟು ಆಡಳಿತ ಖರ್ಚಿಗೂ ಹೋಗುತ್ತದೆ. ಇನ್ನು ಕಟ್ಟಡದ ಮೌಲ್ಯ ನೀವು ಅಂದುಕೊಂಡಷ್ಟು ಬರದೆ ತೆರಿಗೆ 300ಕ್ಕೇ ನಿಂತರೆ? ಹೆಚ್ಚುವರಿ 200, ಅಂದರೆ 10 ವರ್ಷ. ಕಟ್ಟಡ ಏಳುವುದು ತಡವಾದರೆ ಆ ಅವಧಿಗೆ ಏನೂ ಇಲ್ಲ, ಯಾಕೆಂದರೆ ಹೆಚ್ಚಾದ ತೆರಿಗೆಯೇ ಹುಟ್ಟಿರುವುದಿಲ್ಲ. ಸಾಲದ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಅಂದರೆ ಮೊದಲ ದಿನ ಮಣ್ಣು ಅಗೆದು ಸಾಗಿಸುವ ಖರ್ಚು ನಿಮ್ಮ ಜೇಬಿನಿಂದಲೇ ಹೋಗಬೇಕು. ಮುಂದೆ ಬರುವ ತೆರಿಗೆ ಹಣ ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳಿದಾಗ ನಮಗೆ ಸುಲಭವಾಗಿ ಸಿಗಲಿಲ್ಲ. ಕೊನೆಗೆ ರಿಯಾಯಿತಿ ಇಲ್ಲದ ಲೆಕ್ಕವನ್ನೇ ಅವರ ಮುಂದಿಟ್ಟೆವು, ಅದು ತೂಗುತ್ತದೆ ಅಂತ ಕಂಡ ಮೇಲೆ ಒಪ್ಪಿದರು. ನೀವೂ ಹಾಗೇ ಮಾಡಿ. ರಿಯಾಯಿತಿ ಇಲ್ಲದೆ ಯೋಜನೆ ಕಷ್ಟಪಟ್ಟಾದರೂ ನಿಲ್ಲುತ್ತದಾ ಅಂತ ಮೊದಲು ನೋಡಿ, ನಿಲ್ಲದಿದ್ದರೆ ಜಾಗದ ಬೆಲೆ ಇನ್ನೂ ಇಳಿಸಲು ಕೇಳಿ. ಕಲುಷಿತ ಅಂತಲೇ ಅಲ್ವಾ ಅಷ್ಟು ಕಡಿಮೆಗೆ ಕೊಡುತ್ತಿರುವುದು, ಆ ಕಡಿತ ಕ್ಲೀನಪ್ ಅಂದಾಜಿಗೆ ಸಾಕಾಗುತ್ತದಾ ಅನ್ನುವುದೇ ಮೊದಲ ಪ್ರಶ್ನೆ.

ಇನ್ನೊಂದು, ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತುಂಬಾ ಮುಖ್ಯ. ಒಪ್ಪಿಗೆ ಬರುವ ಮೊದಲು ಮಾಡಿದ ಖರ್ಚು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಪರೀಕ್ಷೆಯ ಖರ್ಚಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಯೋಜನೆಗೆ ನಗರದ ಒಪ್ಪಿಗೆ, ಆಮೇಲೆ ಲಿಖಿತ ಕರಾರು, ಆಮೇಲೆ ಜೆಸಿಬಿ. ಕಚೇರಿಯಲ್ಲಿ ಯಾರೋ ಬಾಯಲ್ಲಿ "ಆಗುತ್ತೆ ಬಿಡಿ" ಅಂದರು ಅಂತ ಕೆಲಸ ಶುರು ಮಾಡಬೇಡಿ. ಇಂಥ ಜಾಗದಲ್ಲಿ ಅಗೆಯುವಾಗ ಯಾವ ದಾಖಲೆಯಲ್ಲೂ ಇಲ್ಲದ ಟ್ಯಾಂಕು ಸಿಗುವುದು ಅಪರೂಪವೇನಲ್ಲ, ನಮಗೂ ಸಿಕ್ಕಿತು. ಯೋಜನೆಯಲ್ಲಿ ಅನಿರೀಕ್ಷಿತ ಖರ್ಚು ಅಂತ ಮೊದಲೇ ಒಂದು ಸಾಲು ಇಟ್ಟಿದ್ದರಿಂದ ಅದೂ ವಾಪಸಾತಿಯ ಪಟ್ಟಿಗೆ ಸೇರಿತು. ಆ ಸಾಲು ಇಲ್ಲದ ಕರಾರಿಗೆ ಸಹಿ ಹಾಕಬೇಡಿ.

ಲೆಕ್ಕಪತ್ರ ನೋಡುವವರು:

ಎರಡು ಮೂರು ಮಾತು ಸೇರಿಸುತ್ತೇನೆ. ಹುಡುಕುವಾಗ ಹಳೇ ಲೇಖನಗಳ ಮೇಲೆ ಎಚ್ಚರ ಇರಲಿ. ಅಮೆರಿಕದಲ್ಲಿ ಕ್ಲೀನಪ್ ಖರ್ಚನ್ನು ಆ ವರ್ಷವೇ ಪೂರ್ತಿ ಕಳೆಯಬಹುದು ಅನ್ನುವ ಕೇಂದ್ರ ತೆರಿಗೆಯ ಸೆಕ್ಷನ್ 198 ಬಗ್ಗೆ ಈಗಲೂ ಬರೆದದ್ದು ಸಿಗುತ್ತದೆ, ಅದು 1997ರಲ್ಲಿ ಬಂದು 2011ರ ಕೊನೆಗೇ ಮುಗಿದಿದೆ. ಬ್ರಿಟನ್ನಿನಲ್ಲಿ 2001ರಿಂದ ಒಂದು ಸೌಲಭ್ಯ ಇದೆ, ಕಂಪನಿಗಳು ಅರ್ಹ ಕ್ಲೀನಪ್ ಖರ್ಚಿನ 150% ಅನ್ನು ಲಾಭದಲ್ಲಿ ಕಳೆಯಬಹುದು. ಆದರೆ ಅದು ಸ್ಥಳೀಯ ತೆರಿಗೆಯಲ್ಲ, ಕಂಪನಿ ತೆರಿಗೆ. ನೀವು ಕಂಪನಿ ಮಾಡದೆ ಸುಮ್ನೆ ಸ್ನೇಹಿತರಾಗಿ ಕೊಂಡರೆ ಸಿಗುವುದಿಲ್ಲ, ಗಲೀಜು ಮಾಡಿದವರಿಗಂತೂ ಇಲ್ಲವೇ ಇಲ್ಲ. ಯಾರ ಹೆಸರಲ್ಲಿ ಕೊಳ್ಳುತ್ತೀರಿ ಅನ್ನುವುದನ್ನು ಅದಕ್ಕೇ ಮೊದಲು ತೀರ್ಮಾನ ಮಾಡಿ.

ಬಿಲ್ಲುಗಳನ್ನು ಮೊದಲ ದಿನದಿಂದ ಬೇರೆ ಬೇರೆ ಮಾಡಿಸಿ. ಪಾಯಕ್ಕೆ ಹೇಗೂ ಅಗೆಯಲೇಬೇಕಿತ್ತು, ಆ ಖರ್ಚು ಕ್ಲೀನಪ್ ಅಲ್ಲ ಅನ್ನುತ್ತಾರೆ. ಅದೇ ಮಣ್ಣು ಕಲುಷಿತ ಅಂತ ದೂರದ ವಿಶೇಷ ವಿಲೇವಾರಿ ಜಾಗಕ್ಕೆ ಸಾಗಿಸಿದ್ದಕ್ಕೆ ಆದ ಹೆಚ್ಚಿನ ಖರ್ಚು ಮಾತ್ರ ಒಪ್ಪುವುದುಂಟು. ಗುತ್ತಿಗೆದಾರರು ಎರಡನ್ನೂ ಸೇರಿಸಿ ಒಂದೇ ಬಿಲ್ ಕೊಟ್ಟರೆ ಆಮೇಲೆ ಬಿಡಿಸಲು ಆಗುವುದಿಲ್ಲ.

ಅನುದಾನವನ್ನೂ ವಿಚಾರಿಸಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ನಗರಗಳಿಗೆ ಪರೀಕ್ಷೆಗೆ ಅಂತ ಹಣ ಕೊಡುತ್ತದೆ, 2021ರ ಮೂಲಸೌಕರ್ಯ ಕಾನೂನಿನಲ್ಲಿ ಇಂಥ ಜಾಗಗಳಿಗೆ 150 ಕೋಟಿ ಡಾಲರ್ ತೆಗೆದಿಟ್ಟರು. ಖಾಸಗಿಯವರಿಗೆ ನೇರವಾಗಿ ಆ ಹಣ ಬರುವುದಿಲ್ಲ, ಆದರೆ ನಗರ ತನ್ನ ಅನುದಾನದಲ್ಲಿ ನಿಮ್ಮ ಜಾಗದ ಪರೀಕ್ಷೆ ಮಾಡಿಸಬಹುದು. ಕೇಳಿದವರಿಗೇ ಸಿಗುವುದು. ಅನುದಾನದಲ್ಲಿ ಆದ ಖರ್ಚನ್ನು ಮತ್ತೆ ತೆರಿಗೆಯಲ್ಲಿ ಕೇಳುವ ಹಾಗಿಲ್ಲ, ನೆನಪಿರಲಿ.

ಇಂಥ ಜಾಗದ ಪಕ್ಕದಲ್ಲೇ ಇರುವವರು:

ನಾನು ಕೊಳ್ಳುವವಳೂ ಅಲ್ಲ, ಕಟ್ಟುವವಳೂ ಅಲ್ಲ. ನಮ್ಮ ಬೀದಿಯ ಪಕ್ಕದ ಇಂಥ ಒಂದು ಜಾಗಕ್ಕೆ ರಿಯಾಯಿತಿ ಕೊಡಬೇಕಾ ಅಂತ ನಡೆದ ಸಾರ್ವಜನಿಕ ಸಭೆಗಳಲ್ಲಿ ಕೂತಿದ್ದೇನೆ. ನೀವೂ ಅಂಥ ಸಭೆ ಎದುರಿಸಬೇಕಾಗುತ್ತದೆ, ಅದಕ್ಕೆ ಜನ ಏನು ಕೇಳುತ್ತಾರೆ ಅಂತ ಹೇಳುತ್ತೇನೆ. ಮೊದಲ ಪ್ರಶ್ನೆ, ಈ ಹಣ ಶಾಲೆಗೆ, ರಸ್ತೆಗೆ ಹೋಗಬೇಕಿದ್ದ ತೆರಿಗೆ ಅಲ್ವಾ? ಎರಡನೆಯದು, ರಿಯಾಯಿತಿ ಇಲ್ಲದಿದ್ದರೂ ನೀವು ಹೇಗೂ ಕಟ್ಟುತ್ತಿದ್ದಿರಿ ಅಲ್ವಾ? ಈ ಎರಡನೆಯದಕ್ಕೆ ಕಾಗದದ ಮೇಲೆ ಉತ್ತರ ಇರಬೇಕು.

ಜನರ ಈ ಅನುಮಾನಕ್ಕೆ ಕಾರಣ ಇದೆ. ನ್ಯೂಯಾರ್ಕ್ ರಾಜ್ಯ 2003ರಲ್ಲಿ ಒಂದು ಬ್ರೌನ್‌ಫೀಲ್ಡ್ ಯೋಜನೆ, ಅಂದರೆ ಇಂಥ ಹಳೇ ಕಲುಷಿತ ಜಾಗಗಳಿಗೆ ಅಂತ ಒಂದು ಯೋಜನೆ, ತಂದಿತು. ಅಲ್ಲಿ ಕ್ಲೀನಪ್ಪಿಗೆ ಅಷ್ಟೇ ಅಲ್ಲ, ಮೇಲೆ ಕಟ್ಟುವ ಕಟ್ಟಡದ ಖರ್ಚಿಗೂ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ, ಇತ್ತು. ದುಬಾರಿ ಕಟ್ಟಡ ಕಟ್ಟಿದಷ್ಟೂ ಕ್ರೆಡಿಟ್ ಜಾಸ್ತಿ. 2008ರಲ್ಲಿ ಕಾನೂನು ಬದಲಾಯಿಸಿ, ಕಾರ್ಖಾನೆಯಲ್ಲದ ಯೋಜನೆಗಳಿಗೆ ಕಟ್ಟಡದ ಕ್ರೆಡಿಟ್ 3.5 ಕೋಟಿ ಡಾಲರ್ ಅಥವಾ ಕ್ಲೀನಪ್ ಖರ್ಚಿನ ಮೂರು ಪಟ್ಟು, ಯಾವುದು ಕಡಿಮೆಯೋ ಅಷ್ಟೇ ಅಂತ ಮಿತಿ ಹಾಕಬೇಕಾಯಿತು. 2015ರಲ್ಲಿ ನ್ಯೂಯಾರ್ಕ್ ನಗರಕ್ಕೆ ಇನ್ನಷ್ಟು ಬಿಗಿ ಮಾಡಿದರು. ಸಾರ್ವಜನಿಕರ ಹಣ ಮಣ್ಣು ಚೊಕ್ಕ ಮಾಡಲು ಹೋಗಲಿ ಅನ್ನುವುದಕ್ಕೆ ನನ್ನ ತಕರಾರೇ ಇಲ್ಲ. ಬೇಲಿ ಹಾಕಿ ಹಾಗೇ ಬಿಟ್ಟ ಗಲೀಜು ಜಾಗದ ಪಕ್ಕ ಮಕ್ಕಳನ್ನು ಬೆಳೆಸುವುದು ಏನು ಅಂತ ನನಗೆ ಗೊತ್ತು, ಯಾರಾದರೂ ಬಂದು ಸ್ವಚ್ಛ ಮಾಡಿದರೆ ನಾವು ಜೊತೆಗೆ ನಿಲ್ಲುತ್ತೇವೆ. ಪರೀಕ್ಷೆಯ ವರದಿ ಮುಚ್ಚಿಡಬೇಡಿ, ಅಗೆಯುವಾಗ ಧೂಳು ಹೇಗೆ ತಡೆಯುತ್ತೀರಿ, ಲಾರಿ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಮೊದಲೇ ಬಂದು ಹೇಳಿ. ನಮ್ಮಲ್ಲಿ ಕಟ್ಟಿದವರು ಇದನ್ನು ಮಾಡಿದರು, ಸಭೆಯಲ್ಲಿ ವಿರೋಧ ಅರ್ಧ ಕರಗಿತು.

ಇಂಥ ಜಾಗದಲ್ಲಿ ಫ್ಲ್ಯಾಟ್ ಕೊಂಡವರು:

ಒಂದು ವಿಷಯ ಯಾರೂ ಹೇಳಲಿಲ್ಲ. ಕ್ಲೀನಪ್ ಅಂದರೆ ಎಲ್ಲ ಮಣ್ಣೂ ತೆಗೆಯುತ್ತಾರೆ ಅಂತಲ್ಲ. ಎಷ್ಟೋ ಕಡೆ ಕಲುಷಿತ ಮಣ್ಣಿನ ಮೇಲೆ ಡಾಂಬರು, ಕಾಂಕ್ರೀಟು ಅಥವಾ ಒಳ್ಳೆ ಮಣ್ಣಿನ ಪದರ ಹಾಕಿ ಮುಚ್ಚುತ್ತಾರೆ. ಇಲ್ಲಿ ಬಾವಿ ತೋಡಬಾರದು, ಈ ಪದರ ಒಡೆಯಬಾರದು ಅಂತ ಆಸ್ತಿಯ ಪತ್ರದಲ್ಲೇ ಷರತ್ತು ಬರೆಯುತ್ತಾರೆ. ಮನೆಯೊಳಗೆ ಆವಿ ಬರದಂತೆ ನೆಲದಡಿ ಪೈಪು, ಫ್ಯಾನು ಹಾಕಿದ್ದರೆ ಅದನ್ನು ಓಡಿಸುತ್ತಲೇ ಇರಬೇಕು, ಆಗಾಗ ಪರೀಕ್ಷೆ ಮಾಡಿಸಬೇಕು. ನಮ್ಮ ಕಟ್ಟಡದಲ್ಲಿ ಆ ಖರ್ಚು ಈಗ ಮನೆ ಮಾಲೀಕರ ಸಂಘದ ಮೇಲೆ ಬಂದಿದೆ.

ಹಾಗಾಗಿ ಕರಾರು ಬರೆಯುವಾಗ ಎರಡು ಕೇಳಿ. ನೀವು ಮನೆಗಳನ್ನು ಮಾರಿದ ಮೇಲೆ ತೆರಿಗೆ ರಿಯಾಯಿತಿ ಅಥವಾ ವಾಪಸಾತಿ ಯಾರಿಗೆ ಸೇರುತ್ತದೆ, ನಿಮಗಾ, ಕೊಂಡವರಿಗಾ, ಅಥವಾ ಅಲ್ಲಿಗೇ ನಿಲ್ಲುತ್ತದಾ? ಮತ್ತೆ, ಆ ಫ್ಯಾನು, ಪದರ, ಪರೀಕ್ಷೆ ಇವುಗಳ ಖರ್ಚು ಎಷ್ಟು ವರ್ಷ, ಯಾರ ತಲೆ ಮೇಲೆ? ಉತ್ತರವನ್ನು ಮನೆ ಕೊಳ್ಳುವವರಿಗೆ ಅಡ್ವಾನ್ಸ್ ತಗೊಳ್ಳುವ ಮೊದಲೇ ಬರಹದಲ್ಲಿ ಕೊಡಿ. ನಮಗೆ ಅದು ಮನೆಗೆ ಬಂದ ಮೇಲೆ ಗೊತ್ತಾಯಿತು.